ಬೆರಳಿಗೆ ಸುತ್ತಿದ ಪಟ್ಟಿ

ಬಂದೇನವಾಜನಿಗೆ ತನ್ನ ಅಂಗಿಯ ಗುಂಡಿ ತಾನೇ ಹಾಕಿಕೊಳ್ಳಲು ಆಗುತ್ತಿರಲಿಲ್ಲ. ಹನ್ನೊಂದು ವರ್ಷ ಇಳಕಲ್ಲಿನ ಕೆಂಪು ಕಲ್ಲಿನ ಕ್ವಾರಿಯಲ್ಲಿ ಡ್ರಿಲ್ ಮಶೀನು ಹಿಡಿದ ಕೈ ಅದು. ಅದರ ಅದುರಾಟಕ್ಕೆ ಬೆರಳುಗಳು ಬೆಳ್ಳಗಾಗಿ ಜೋಮು ಹಿಡಿದಿದ್ದವು. ಮೊನ್ನೆ ಕಾದ ಹಂಚಿಗೆ ಹೆಬ್ಬೆರಳು ತಾಗಿ ಸುಟ್ಟ ವಾಸನೆ ಬಂದಾಗ ಹೆಂಡತಿ ರಂಜಾನಬಿಯೇ ಕೈ ಜಗ್ಗಿದ್ದಳು. ಇಂಥ ಕೈಗೆ ಬೇಕಾದದ್ದು ಹಗುರ ಕೆಲಸ. ಅದನ್ನು ಬಾಯಿಬಿಟ್ಟು ಕೇಳಿದ್ದೇ ತಪ್ಪಾಯಿತು.

“ಡಾಕ್ಟರ್ ಬರ್ತಾರ. ಕೈ ಕೆಟ್ಟೈತಿ ಅಂತ ಅವರು ಬರದ್ರ ಕೊಡೂಣು. ಇಲ್ಲಾಂದ್ರ ಮಶೀನ್ ಹಿಡಿ, ಆಗಂಗಿಲ್ಲಂದ್ರ ಮನಿಗೆ ನಡಿ,” ಅಂದ ಮಾಲಕ.

ಡಾಕ್ಟರು ಬಂದದ್ದು ಮಾಲಕನ ಜೀಪಿನಲ್ಲೇ. ಬಂದೇನವಾಜನಿಗೆ ಅಲ್ಲೇ ಸಂಶಯ ಬಂತು. ಅವರು ಪೆಟ್ಟಿಗೆಯಿಂದ ತೆಗೆದದ್ದೋ, ಹಾಳೆಯಷ್ಟು ತೆಳುವಾದ ಪಟ್ಟಿಗಳು. ಬಾಗಿಸಿದ ಹಾಗೆ ಬಾಗುತ್ತಿದ್ದವು, ತುದಿಗೆ ವೈರು, ವೈರಿನ ಕೊನೆಗೆ ಮುಳ್ಳಿನ ಮೀಟರು. ಎಂಬತ್ತೆಂಟನೇ ಇಸವಿಯ ಹೊಸ ವಿಲಾಯತಿ ಮಾಲಂತೆ.

“ಇದೇನ್ರಿ?”

“ಬೆರಳು ಎಷ್ಟು ಒತ್ತತಾವ ಅಂತ ಅಳಿತೈತಿ. ಈ ನೀರಿನ ತಂಬಿಗಿ ಎತ್ತಿ ಹಿಡಿ, ಸಾಕು.”

ಪಟ್ಟಿಯನ್ನು ಬೆರಳಿಗೆ ಸುತ್ತಿದರು. ಬಂದೇನವಾಜ ತಂಬಿಗೆ ಎತ್ತಿದ. ಮೀಟರಿನ ಮುಳ್ಳು ಎಪ್ಪತ್ತಕ್ಕೆ ಹೋಗಿ ನಿಂತಿತು.

“ಭಾರಿ ಶಕ್ತಿ ಐತಲ್ಲೋ,” ಎಂದು ಮಾಲಕ ನಕ್ಕ. ಡಾಕ್ಟರು ಬರೆದೇಬಿಟ್ಟರು: ಕೈ ಗಟ್ಟಿಯಿದೆ, ಡ್ರಿಲ್ ಹಿಡಿಯಬಹುದು. ಹನ್ನೊಂದು ವರ್ಷಕ್ಕೆ ಎರಡು ನಿಮಿಷದ ತೀರ್ಪು.

“ಶಕ್ತಿ ಅಲ್ರಿ ಅದು,” ಅಂದ ಬಂದೇನವಾಜ. “ಹಿಡದದ್ದು ನನಗ ತಿಳಿಯಂಗಿಲ್ಲ. ಎಲ್ಲಿ ಜಾರತೈತೋ ಅಂತ ಹಿಂಡಿ ಹಿಡಿತೇನಿ. ಬೇಕಾದ್ರ ಮುಕಾದಮರಿಗೆ ಕಟ್ಟಿ ನೋಡ್ರಿ.”

ಮುಕಾದಮ ಅಮಾತೆಪ್ಪ ದಿನವಿಡೀ ಕೊಡೆ ಹಿಡಿದು ಹುಕುಂ ಮಾಡುವ ಮನುಷ್ಯ. ಡ್ರಿಲ್ ಮುಟ್ಟಿದವನೇ ಅಲ್ಲ. ಹಿಂದೆ ಸರಿಯಲು ನೋಡಿದ, ಸುತ್ತ ಕೂಲಿಕಾರರು ನಿಂತಿದ್ದರು. ಅದೇ ತಂಬಿಗೆ ಎತ್ತಿದ. ಮುಳ್ಳು ಇಪ್ಪತ್ತೈದು ದಾಟಲಿಲ್ಲ.

ಡಾಕ್ಟರು ಕನ್ನಡಕ ತೆಗೆದು ಒರೆಸತೊಡಗಿದರು. ಜೋಮು ಹಿಡಿದ ಕೈ ಹೆಚ್ಚು ಹಿಂಡುತ್ತದೆ ಎಂಬ ಮಾತು ಅವರಿಗೆ ಹೊಸದಾಗಿರಲಿಲ್ಲ. ಗೊತ್ತಿದ್ದೇ ಬರೆದಿದ್ದರು.

“ನಂದೂ ನೋಡ್ರಿ,” ಎಂದು ಡ್ರಿಲ್ಲಿನ ಯಂಕಪ್ಪ ಕೈ ಚಾಚಿದ. ಅರವತ್ತೆಂಟು. ಅವನ ಹಿಂದೆ ಇನ್ನೊಬ್ಬ. ಎಪ್ಪತ್ತೆರಡು. ನೋಡನೋಡುತ್ತ ಡ್ರಿಲ್ ಹಿಡಿಯುವವರೆಲ್ಲ ಸಾಲುಗಟ್ಟಿದರು. ಕೆಲಸ ಹೋದೀತೆಂದು ಹೆದರಿ ಅಷ್ಟೂ ಜನ ತಮ್ಮ ಜೋಮನ್ನು ಮನೆಯೊಳಗೇ ಮುಚ್ಚಿಟ್ಟಿದ್ದರು.

ಮಾಲಕನ ಮುಖ ಸಣ್ಣದಾಯಿತು. “ಈ ಪಟ್ಟಿ ಕೆಟ್ಟೈತಿ. ಕಟ್ರಿ ಪೆಟಗಿ.”

ಬಂದೇನವಾಜ ಜೀಪಿನ ಬಾಗಿಲಿಗೆ ಅಡ್ಡ ನಿಂತ. “ಪಟ್ಟಿ ಕೆಟ್ಟಿದ್ರ, ಅದನ್ನ ನೋಡಿ ಬರದ ನನ್ನ ಕಾಗದ ಹರೀರಿ. ಕೆಟ್ಟಿಲ್ಲಂದ್ರ, ನನ್ನ ಕೂಡ ಇವರೆಲ್ಲಾರ ಕೈನೂ ಕೆಟ್ಟಾವ ಅಂತ ಹೆಸರು ಬರೀರಿ.”

ಮಾಲಕ ಡಾಕ್ಟರ ಮುಖ ನೋಡಿದ. ಡಾಕ್ಟರು ನೆಲ ನೋಡಿದರು. ಯಂಕಪ್ಪ ಹೋಗಿ ಜೀಪಿನ ಮುಂದೆ ಕಲ್ಲುಪುಡಿಯಲ್ಲೇ ಕುಳಿತ. ಅವನ ಪಕ್ಕದಲ್ಲಿ ಹದಿನಾಲ್ಕು ಜನ ಕುಳಿತರು.

“ಬರೀರಿ ಡಾಕ್ಟರ್ರ,” ಅಂದ ಯಂಕಪ್ಪ. “ನಮಗೇನ ಅವಸರಿಲ್ಲ.”