ಆಕ್ಷೇಪಣೆ ಬಂದಿಲ್ಲ

೧
ಹೇಗೆ ಶುರು ಮಾಡಲಿ? ‘ವಿಮಾನ ಬಿತ್ತು’ ಅಂದರೆ ನೀವು ಟಿವಿ ಹಾಕುತ್ತೀರಿ. ‘ನಿಯಮ ಬರೆದರು’ ಅಂದರೆ ಆಕಳಿಸುತ್ತೀರಿ. ನನ್ನ ಗ್ರಹಚಾರ, ಈ ಕಥೆಯಲ್ಲಿ ಎರಡೂ ಇವೆ, ಅದೂ ಒಂದೇ ಕುಟುಂಬದಲ್ಲಿ.

೨
ಅಕ್ಕ ವಿಮಾನ ಸುರಕ್ಷತಾ ಕಚೇರಿಯಲ್ಲಿ ನಿಯಮ ಬರೆಯುವವಳು. ಅವಳ ತಮ್ಮ ಟೆಸ್ಟ್ ಪೈಲಟ್, ಹೊಸ ವಿಮಾನ ಹಾರಿಸಿ ಪರೀಕ್ಷಿಸುವವನು. ಈಗ ಅವನ ಕೈಲಿರುವುದು ಹತ್ತು ಜನ ಕೂರುವ ಹೊಸ ಬಿಸಿನೆಸ್ ಜೆಟ್ಟು. ವೇಗ ಮಿತಿ ಮೀರಿದರೆ ಕಂಪ್ಯೂಟರ್ ತಾನೇ ಮೂತಿ ಎತ್ತಿ ವೇಗ ಇಳಿಸುತ್ತದೆ. ಹಳೇ ಕಾನೂನಿನಲ್ಲಿ ಇದರ ಸುದ್ದಿಯೇ ಇಲ್ಲ, ವಿಶೇಷ ನಿಯಮ ಬೇಕು. ಅಕ್ಕ ಹಿಂದೊಂದು ಜೆಟ್ಟಿಗೆ ಬರೆದಿದ್ದ ಇಂಥದ್ದೇ ವಿಶೇಷ ನಿಯಮ ತೆರೆದಳು, ಜೆಟ್ಟಿನ ಹೆಸರು ಬದಲಿಸಿದಳು, ಆಕ್ಷೇಪಣೆಗೆ ಇಪ್ಪತ್ತು ದಿನ ಕೊಟ್ಟಳು. (ನಗಬೇಡಿ. ಕಥೆಗಾರರೂ ಹೀಗೇ ಬರೆಯುವುದು.)

೩
ಹನ್ನೊಂದನೇ ದಿನ. ಅಕ್ಕನ ಮನೆಯ ಊಟದ ಮೇಜು, ಇಬ್ಬರೇ.

“ಅಕ್ಕಾ, ಅದು ಮೂತಿ ಎತ್ತಿದ್ಮೇಲೆ ನಾನು ಕೆಳಗಿಳಿಸೋ ಹಿಡಿ ಎಷ್ಟು ಒತ್ತಿದ್ರೂ ಕೇಳಲ್ಲ. ಎದುರಿಗೆ ಇನ್ನೊಂದು ವಿಮಾನ ಬಂತು ಅನ್ಕೋ, ಕೆಳಗೆ ತಪ್ಪಿಸ್ಕೊಳ್ಳೋದು ಹೇಗೆ?”

“ಬರೆದು ಕಳ್ಸು.”

“ನಿನಗೇ ಹೇಳ್ತಿದೀನಲ್ಲ, ಸಾಲ್ದಾ?”

“ಊಟದ ಮಾತು ಫೈಲಿಗೆ ಬರಲ್ಲ ಕಣೋ. ಸಹಿ ಬೇಕು.”

“ನಾಳೆ ಬರೀತೀನಿ ಬಿಡು.”

ನಾಳೆ ಎಂದವನ ಮನೆ ಹಾಳು. (ಈ ಗಾದೆ ಇಲ್ಲಿ ಹಾಕಿದ್ದಕ್ಕೆ ನನಗೇ ನಾಚಿಕೆ.) ಇಪ್ಪತ್ತೊಂದನೇ ದಿನ ಅಕ್ಕ ‘ಆಕ್ಷೇಪಣೆ ಬಂದಿಲ್ಲ’ ಎಂದು ಬರೆದು ಸಹಿ ಹಾಕಿದಳು. ಸುಳ್ಳೇನಲ್ಲ.

೪ (ಹೊಡೆದು ಹಾಕಿದ್ದು)
ಇಪ್ಪತ್ತನೇ ದಿನ ಸಂಜೆ ತಮ್ಮನ ಪತ್ರ ಬಂತು. ಅಕ್ಕ ಫೈಲು ತಡೆದಳು, ಮತ್ತು

“ಬರಲಿಲ್ಲ ಕಥೆಗಾರರೇ,” ಅಂದಳು ಅಕ್ಕ. “ನನ್ನ ಸಮಾಧಾನಕ್ಕೆ ಏನೇನೋ ಬರೀಬೇಡಿ.”

“ತಪ್ಪು ಅವನದಲ್ವಾ?” ಅಂದೆ ನಾನು. “ನೀವು ಹೇಳಿದ್ರೂ ಬರೀಲಿಲ್ಲ.”

“ಪೆನ್ನು ನನ್ನ ಕೈಲೇ ಇತ್ತು.”

ಆ ಪತ್ರದ ಸಾಲುಗಳನ್ನು ಹೊಡೆದು ಹಾಕಿದೆ.

೫
ಆರು ತಿಂಗಳಾದ ಮೇಲೆ ತಮ್ಮ ಆ ಜೆಟ್ಟನ್ನು ಗಿರಾಕಿಗೆ ತಲುಪಿಸಲು ಹೊರಟ. ವೇಗ ತುಸು ಮೀರಿತ್ತು, ಮೂತಿ ಎದ್ದಿತ್ತು, ಎದುರಿಗೆ ಇನ್ನೊಂದು ಬಂದೇ ಬಂತು. ಅವನು ಒತ್ತಿದ, ಕೊನೆಯವರೆಗೂ ಒತ್ತುತ್ತಲೇ ಇದ್ದನಂತೆ. ರೆಕ್ಕೆ ತಾಗಿತು. ಎದುರಿನ ವಿಮಾನ ಹೇಗೋ ಇಳಿಯಿತು. ಇವನದು ಬಿತ್ತು.

೬
ತಮ್ಮನ ಹೆಂಡತಿ ಬಂದಿದ್ದಾಳೆ. ಚಪ್ಪಲಿಯನ್ನೂ ಬಿಟ್ಟಿಲ್ಲ.

“ಅತ್ತಿಗೆ, ಅವರು ಈ ಮೂತಿ ಏಳೋದರ ಬಗ್ಗೆ ಯಾವತ್ತಾದ್ರೂ ನಿಮ್ಮ ಹತ್ರ ಹೇಳಿದ್ರಾ?”

ಕೊನೆ ಒಂದು: “ಹೇಳಿದ್ದ.” ಇನ್ನು ಈ ಹೆಣ್ಣುಮಗಳು ಜನ್ಮದಲ್ಲಿ ಅಕ್ಕನ ಮುಖ ನೋಡುವುದಿಲ್ಲ.

ಕೊನೆ ಎರಡು: “ಇಲ್ಲಮ್ಮ.” ಪೈಲಟನದೇ ತಪ್ಪು ಎಂದು ಅಪಘಾತದ ತನಿಖಾ ವರದಿ ಮುಗಿಯುತ್ತದೆ, ಮುಂದಿನ ಜೆಟ್ಟಿಗೂ ಅದೇ ನಿಯಮದ ನಕಲು ಹೋಗುತ್ತದೆ.

ಎರಡನ್ನೂ ಅಕ್ಕನ ಮುಂದಿಟ್ಟೆ. ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

“ಹೇಳಿ ಅತ್ತಿಗೆ.”

ನಾನು ಎದ್ದು ಹೋಗುತ್ತಿದ್ದೇನೆ. ನೀವು ಬೇಕಾದರೆ ಇರಿ.