ಹನ್ನೆರಡು ಅಡಿ ಅಂದ್ರೆ ಎಷ್ಟು ನೀರು?

ಲಾಂಡ್ರಿಯ ನಲ್ಲಿ ಎರಡು ಸಲ ಕೆಮ್ಮಿತು, ಒಂದು ಹನಿ ಉಗುಳಿತು, ಸುಮ್ಮನಾಯಿತು. ನೆಲದ ಮೇಲೆ ಆಸ್ಪತ್ರೆಯ ಬೆಡ್‌ಶೀಟುಗಳ ಗುಡ್ಡ. ಸಂಜೆಯೊಳಗೆ ಒಗೆದು ಒಣಗಿಸಿ ಕೊಡದಿದ್ದರೆ ನಾಳೆ ಆಪರೇಷನ್ ಆಗುವವರಿಗೆ ಹಾಸಲು ಬಟ್ಟೆಯಿಲ್ಲ.

"ಎಲ್ಲಾ ನಿಮ್ಮೂರಿನ ಕೃಪೆ!" ಲಾಂಡ್ರಿಯಾಕೆ ಬಾಗಿಲಲ್ಲಿ ಸ್ಕೂಟರ್ ನಿಲ್ಲಿಸುತ್ತಿದ್ದ ನಾದಿನಿಯ ಮೇಲೆ ಹರಿಹಾಯ್ದಳು.

ನಾದಿನಿಯನ್ನು ಕೊಟ್ಟದ್ದು ಕೆಳಗಿನ ಊರಿಗೆ. ಅಲ್ಲಿ ಆಕೆಯೇ ನೀರುಗಂಟಿ. ಆ ಊರಿಗೆ ನೀರು ಬಿಡುವ ತೂಬಿನ ಕೀಲಿ ಅವಳ ಸೊಂಟದಲ್ಲಿ. ತೂಬಿನ ಚಕ್ರ ಜಲಾಶಯದ ಗೋಡೆಯ ಹೊರಗೆ, ಕೆಳಗಡೆ; ಅಲ್ಲಿಂದ ನೀರು ಕಾಣದು. ಜಲಾಶಯ ಒಂದು, ಕುಡಿಯುವ ಊರು ಎರಡು, ಪುರಸಭೆಯೂ ಎರಡು. ಅಳತೆ ನೋಡಿ ಇನ್ನೊಂದು ಊರಿಗೆ ಫೋನ್ ಮಾಡುವ ಸರದಿ ವಾರಕ್ಕೊಂದು ಊರಿನದು.

"ಅದಕ್ಕೇ ಬಂದೆ ಅತ್ತಿಗೆ. ಹನ್ನೊಂದಕ್ಕೆ ಸಭೆ. ಎರಡೂ ಪುರಸಭೆ ಸೇರಿ ಒಂದೇ ನೀರಿನ ಸಮಿತಿ ಮಾಡೋದಾ ಅಂತ ಜನರನ್ನ ಕೇಳ್ತಾರೆ. ಬಂದು ಕೈ ಎತ್ತಿ."

"ಎತ್ತಲ್ಲ! ಹಂಚ್ಕೊಂಡು ಕುಡಿಯೋಣ ಅನ್ನೋರು ದೊಡ್ಡ ಚೊಂಬು ಹಿಡ್ಕೊಂಡೇ ಬಂದಿರ್ತಾರೆ. ನಿನ್ನೆ ನಮ್ಮ ನೀರುಗಂಟಿ ಹನ್ನೆರಡು ಅಡಿ ಅಂತ ಫೋನ್ ಮಾಡಿದ್ರೂ ತೂಬು ಪೂರ್ತಿ ತೆಗೆದೆಯಲ್ಲ, ನಮ್ಮ ಪೈಪಿಗೆ ಒತ್ತಡ ಎಲ್ಲಿಂದ ಬರ್ಬೇಕು?"

"ಹನ್ನೆರಡು ಅಡಿ ನೀರಿದೆ ಅಂದ್ಮೇಲೆ ತೆಗೀದೆ ಏನು ಮಾಡ್ಲಿ?"

"ನೀರಾ? ಹನ್ನೆರಡು ಅಡಿ ಖಾಲಿ ಕಣೇ!"

ಇಬ್ಬರೂ ಮುಖ ಮುಖ ನೋಡಿಕೊಂಡರು. ಮರುಕ್ಷಣವೇ ಸ್ಕೂಟರ್ ಜಲಾಶಯದ ದಾರಿ ಹಿಡಿಯಿತು.

ಇಪ್ಪತ್ತು ಅಡಿಯ ಗೋಡೆ. ಮೇಲಿನ ಊರಿನ ಬದಿಗೆ ಬಿಳಿ ಗೆರೆಗಳು. ಎಣಿಕೆ ಅಂಚಿನಿಂದ ಕೆಳಕ್ಕೆ. ಎಷ್ಟು ಬರಿದಾಗಿದೆ ಎಂಬ ಲೆಕ್ಕ. ಕೆಳಗಿನ ಊರಿನ ಬದಿಗೆ ಕೆಂಪು ಗೆರೆಗಳು. ಎಣಿಕೆ ತಳದಿಂದ ಮೇಲಕ್ಕೆ. ಎಷ್ಟು ಉಳಿದಿದೆ ಎಂಬ ಲೆಕ್ಕ. ಅದೇ ನೀರು ಬಿಳಿಯಲ್ಲಿ ಹನ್ನೆರಡು, ಕೆಂಪಿನಲ್ಲಿ ಎಂಟು!

"ಅಯ್ಯೋ ಅತ್ತಿಗೆ! ಹೋದ ಮಳೆಗಾಲ ಇನ್ನೇನು ತುಂಬಿ ತುಳುಕೋ ಹಾಗಿದ್ದಾಗ ನಿಮ್ಮೋರು ಒಂದಡಿ ಅಂದ್ರು. ಒಂದೇ ಅಡಿ ನೀರು ಅಂದ್ಕೊಂಡು ವಾರವಿಡೀ ಊರಿಗೆ ತೊಟ್ಟು ತೊಟ್ಟಾಗಿ ಬಿಟ್ಟೆ!"

"ಅದಕ್ಕೇನಾ ನಿಮ್ಮತ್ತೆ ಸ್ನಾನಕ್ಕೆ ನಮ್ಮನೆಗೆ ಬಂದಿದ್ದು?"

ನಕ್ಕು ನಕ್ಕು ಲಾಂಡ್ರಿಯಾಕೆ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಆಮೇಲೆ ನಗು ನಿಂತಿತು. "ಊರೆಲ್ಲಾ ಕೇಳೋ ಹಾಗೆ ನಿಮ್ಮನ್ನ ನೀರುಕಳ್ಳರು ಅಂದೆ ಕಣೇ."

"ನಾವೇನು ಕಮ್ಮಿ ಅಂದಿದ್ವಾ? ಬನ್ನಿ, ಕೈ ಹಾಕಿ. ಚಕ್ರ ಬಿಗಿ ಇದೆ."

ಕೆಳಗಿಳಿದು ಇಬ್ಬರೂ ಸೇರಿ ತೂಬನ್ನು ಅರ್ಧಕ್ಕೆ ಇಳಿಸಿದರು.

ಸಭೆಯಲ್ಲಿ ಲಾಂಡ್ರಿಯಾಕೆ ಎರಡೂ ಗೆರೆಗಳ ಕಥೆ ಹೇಳಿದಳು. ಒಂದೇ ಸಮಿತಿ, ಒಂದೇ ಅಳತೆ, ತೂಬಿನ ಬಳಿ ಎರಡೂ ಊರಿನ ನೀರುಗಂಟಿಗಳು ಇರಬೇಕು ಎಂದಳು. ಕೈ ಎತ್ತಿ ಎಂದಾಗ ಎರಡೂ ಕೈ ಎತ್ತಿದಳು.

"ಒಬ್ಬರಿಗೆ ಒಂದೇ ಕೈ, ಅಮ್ಮ," ಎಂದರು ಅಧ್ಯಕ್ಷರು.

"ಇನ್ನೊಂದು ನಮ್ಮನೆಯವರದ್ದು! ಅವರು ನಲ್ಲಿ ಕಾಯ್ತಾ ಕೂತಿದ್ದಾರೆ."

ಅಷ್ಟರಲ್ಲಿ ಅವಳ ಫೋನ್ ಬಡಿದುಕೊಂಡಿತು. ಗಂಡನ ಮಾತೇ ಕೇಳಲಿಲ್ಲ. ಭೋರೆಂದು ಬೀಳುವ ನೀರಿನ ಸದ್ದೇ ಕೇಳಿತು. ಓಡಿಹೋಗಿ ಫೋನನ್ನು ಮೈಕಿಗೆ ಹಿಡಿದಳು. ಸಭೆಯ ತುಂಬಾ ನೀರು ಸುರಿಯಿತು. ಎರಡೂ ಊರಿನ ಕೈಗಳು ಒಟ್ಟಿಗೆ ಮೇಲೆದ್ದವು.

ನೀವು ಕುಡಿಯುವ ನೀರನ್ನೇ ಪಕ್ಕದೂರೂ ಕುಡಿಯುತ್ತದೆಯೇ? ಹಾಗಾದರೆ ಇವತ್ತೇ ಹೋಗಿ ಕೇಳಿ: ನೀವು ಅಳೆಯುವುದು ಮೇಲಿನಿಂದಲೋ, ತಳದಿಂದಲೋ? ಜಂಟಿ ಸಭೆ ಕರೆದರೆ ತಪ್ಪಿಸಬೇಡಿ. ಕರೆಯದಿದ್ದರೆ, ಕರೆಯುವ ತನಕ ನಿಮ್ಮ ಸದಸ್ಯರ ಬೆನ್ನು ಬಿಡಬೇಡಿ. ಬೈಯುವ ಮೊದಲು ಇಬ್ಬರೂ ಸೇರಿ ಒಮ್ಮೆ ಗೋಡೆ ನೋಡಿ ಬನ್ನಿ.