ಮೊದಲನೇ ನಂಬರಿನ ಹಾಡು

ಸತ್ತೆವ್ವನ ತಲೆಯೊಳಗಿನ ನೆನಪುಗಳು ಒಂದೊಂದಾಗಿ ಮನೆ ಖಾಲಿ ಮಾಡಿಕೊಂಡು ಹೋದ ಮೇಲೆ ಕೊನೆಗೆ ಉಳಿದದ್ದು ಒಂದು ಹಾಡಿನ ತುಂಡು. ಅದಕ್ಕೂ ಮಾತಿಲ್ಲ, ಬರೀ ಗುನುಗು. ಬೆಳಿಗ್ಗೆ ತಲೆ ಬಾಚುವಾಗ ಅದೇ, ರೊಟ್ಟಿ ಮುರಿದು ಹಾಲಲ್ಲಿ ನೆನೆಸಿ ಬಾಯಿಗಿಟ್ಟಾಗ ಅದೇ. ರಾಗ ಮೆಲ್ಲಗೆ ಏರಿ, ಇಳಿದು, ಮತ್ತೆ ಏರಬೇಕೆನ್ನುವಷ್ಟರಲ್ಲಿ ಗಪ್ಪನೆ ನಿಂತುಬಿಡುತ್ತಿತ್ತು. ಯಾವಾಗಲೂ ಅದೇ ಜಾಗದಲ್ಲಿ. ಮಗಳು ಸಪನಾ ಅದನ್ನು ಎಷ್ಟು ಕೇಳಿದ್ದಳೆಂದರೆ, ಚಿಕ್ಕೋಡಿಯ ತಹಶೀಲ್ದಾರ ಕಚೇರಿಯಲ್ಲಿ ಕುಳಿತು ಟೈಪು ಮಾಡುವಾಗಲೂ ಅವಳ ಬಾಯಿಂದ ಅದೇ ಹೊರಡುತ್ತಿತ್ತು, ಅದೇ ಜಾಗದಲ್ಲಿ ನಿಲ್ಲುತ್ತಿತ್ತು.

ಸಪನಾಳಿಗೆ ಬೇಕಾದದ್ದು ದೊಡ್ಡದೇನಲ್ಲ. ಅವ್ವ ಪೂರ್ತಿ ಕೈತಪ್ಪುವ ಮೊದಲು ಒಮ್ಮೆ ತನ್ನನ್ನು ಹೆಸರು ಹಿಡಿದು ಕರೆಯಬೇಕು, ಅಷ್ಟೇ. ಯಾಕೆಂದರೆ ಅವ್ವ ಚೆನ್ನಾಗಿದ್ದಾಗಲೂ ಹಾಗೆ ಕರೆದವಳಲ್ಲ. ಓಣಿಯ ಉಳಿದ ತಾಯಂದಿರು ಮಕ್ಕಳ ಹೆಸರು ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದರೆ, ಸತ್ತೆವ್ವ ಮಾತ್ರ "ಏ ಹುಡುಗಿ" ಅನ್ನುತ್ತಿದ್ದಳು, ಇಲ್ಲವೇ "ಬಾ ಇಲ್ಲಿ" ಅನ್ನುತ್ತಿದ್ದಳು. ಸಣ್ಣವಳಿದ್ದಾಗ ಸಪನಾ ಬೇಕೆಂದೇ ಕಾಳಿನ ಚೀಲಗಳ ಹಿಂದೆ ಅಡಗಿ ಕೂತು, ಹುಡುಕುತ್ತ ಹುಡುಕುತ್ತ ಹೆಸರು ಕೂಗಿಯಾಳು ಎಂದು ಕಾದದ್ದುಂಟು. "ಎಲ್ಲಿ ಹ್ವಾದ್ಳಿಕಿ" ಎಂದಷ್ಟೇ ಅಂದು ಅವ್ವ ತನ್ನ ಕೆಲಸಕ್ಕೆ ಹೋಗುತ್ತಿದ್ದಳು. ಅವ್ವನ ಸ್ವಭಾವವೇ ಒರಟು ಎಂದು ಸಪನಾ ಮನಸ್ಸಿಗೆ ಹೇಳಿಕೊಂಡಿದ್ದಳು. ಈಗ ನೋಡಿದರೆ ಅವ್ವನಿಗೆ ಇವಳು ಯಾರೆಂಬುದೇ ಗೊತ್ತಿಲ್ಲ. ಊಟ ಮಾಡಿಸಲು ಬಂದ ಯಾವಳೋ ನರ್ಸು ಎಂದುಕೊಂಡು "ಬಾಯಾರ, ಸಾಕ್ರಿ" ಎಂದು ಕೈಮುಗಿಯುತ್ತಾಳೆ, ಅದರಾಚೆ ಅವಳಿಗೆ ಮಾತಿಲ್ಲ. ಹೆತ್ತ ತಾಯಿ ಕೈಮುಗಿದರೆ ಯಾವ ಮಗಳ ಹೊಟ್ಟೆ ತಣ್ಣಗಿದ್ದೀತು.

ಅಪ್ಪ ಜ್ಞಾನದೇವ ಕರೆಂಟಿನ ಆಫೀಸಿನಲ್ಲಿ ಜವಾನನಾಗಿದ್ದು ನಿವೃತ್ತನಾದವ. ಅವನಿಗೆ ಮಾತೆಂದರೆ ಖರ್ಚಿನ ಬಾಬ್ತು. ಹೆಂಡತಿಯ ಬಟ್ಟೆ ಒಗೆಯುತ್ತಾನೆ, ಕಾಲು ತಿಕ್ಕುತ್ತಾನೆ, ಸುಮ್ಮನೆ ಕೂರುತ್ತಾನೆ. ಮಿರಜದ ಡಾಕ್ಟರು "ಹಳೇ ಹಾಡ ಕೇಳಿಸ್ರಿ, ಒಮ್ಮೊಮ್ಮೆ ಮಾತು ಬರ್ತಾವ" ಎಂದಾಗಲೂ ಅವನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಸಪನಾ ಮಾತ್ರ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಫೋನಿನಲ್ಲಿ ಸಿಕ್ಕ ಹಳೆಯ ಹಿಂದಿ, ಮರಾಠಿ, ಕನ್ನಡ ಹಾಡುಗಳನ್ನೆಲ್ಲ ಹಾಕಿ ನೋಡಿದಳು. ಅವ್ವ ಒಂದೊಂದಕ್ಕೆ ತಲೆದೂಗಿದಳು, ಒಂದೊಂದಕ್ಕೆ ನಿದ್ದೆ ಹೋದಳು. ಅವಳ ಬಾಯಲ್ಲಿದ್ದ ತುಂಡು ಮಾತ್ರ ಯಾವ ಹಾಡಿನದೆಂದು ಪತ್ತೆಯಾಗಲಿಲ್ಲ.

ಕಚೇರಿಯ ಭರತ ಒಂದು ದಾರಿ ತೋರಿಸಿದ. "ನಿಪ್ಪಾಣಿಯಾಗ ನೇಮಿನಾಥ ಕಾಕಾ ಅಂತ ಅದಾನ್ರಿ ಅಕ್ಕಾ. ತಂಬಾಕಿನ ಪೇಟೆಯವ. ರೇಡಿಯೋದಾಗ ಪ್ರತಿ ಐತವಾರ ನಂಬರ್ ಹಾಡಿನ ಕಾರ್ಯಕ್ರಮ ಬರ್ತಿತ್ತಲ್ಲ, ಅವನ್ನೆಲ್ಲ ಕ್ಯಾಸೆಟ್‌ಗೆ ಹಿಡದಿಟ್ಟಾನ. ಜಗತ್ತು ಮರತದ್ದೆಲ್ಲ ಅವನ ಕಪಾಟಿನಾಗ ಐತಿ."

ನೇಮಿನಾಥನ ಬಗ್ಗೆ ಒಂದು ಮಾತು ಹೇಳಲೇಬೇಕು: ಅವನಷ್ಟು ತನ್ನನ್ನು ತಾನೇ ಮೆಚ್ಚಿಕೊಂಡ ಮುದುಕ ಆ ಪೇಟೆಯಲ್ಲಿ ಇನ್ನೊಬ್ಬನಿರಲಾರ. ಮಾಳಿಗೆಯ ಕೋಣೆಗೆ ಸಪನಾಳನ್ನು ಕರೆದೊಯ್ದು, ಚಹಾ ತರಿಸಿ, ಸ್ಟೀಲ್ ಕಪಾಟು ತೆರೆದು, ಮದುವೆ ಒಡವೆ ತೋರಿಸುವಂತೆ ಕ್ಯಾಸೆಟ್ಟುಗಳನ್ನು ತೋರಿಸಿದ. ಸಪನಾ ಅವ್ವನ ಹಾಡಿನ ತುಂಡನ್ನು ಗುನುಗಿದಳು. ಮುದುಕ ಅರ್ಧಕ್ಕೇ ತೊಡೆ ತಟ್ಟಿದ.

"ಇದು ನಮ್ಮ ಹಾಡ, ತಂಗಿ. ನಾವ ಮ್ಯಾಲ ಏರಿಸಿದ್ದು."

"ಏರಿಸಿದ್ದು ಅಂದ್ರ ಹೆಂಗ್ರಿ ಕಾಕಾ?"

"ಆಗ ಊರೂರಿಗೆ ಶ್ರೋತೃ ಸಂಘ ಇರ್ತಿದ್ವು. ನಮಗ ಬೇಕಾದ ಹಾಡಿಗೆ ಕಾರ್ಡ್ ಬರೀಬೇಕು. ಯಾವುದಕ್ಕ ಕಾರ್ಡ್ ಹೆಚ್ಚ, ಅದು ಮ್ಯಾಲ. ಈ ಪಿಚ್ಚರ್ ಬಂದಿದ್ದೂ ಯಾರಿಗೂ ಗೊತ್ತಿಲ್ಲ, ಹೋಗಿದ್ದೂ ಗೊತ್ತಿಲ್ಲ. ನಾನು, ನನ್ನ ದೋಸ್ತ ಭೂಪಾಲ, ಇನ್ನೊಂದೀಟ ಮಂದಿ ಕೂಡಿ ಪೈಜ ಕಟ್ಟಿದ್ವಿ. ಇದನ್ನ ಒಂದನೇ ನಂಬರಿಗೆ ಕುಂಡ್ರಸೋದ ಅಂತ. ಸತ್ತವರ ಹೆಸರಲೂ ಕಾರ್ಡ್ ಬರದ್ವಿ, ಹುಟ್ಟದವರ ಹೆಸರಲೂ ಬರದ್ವಿ. ಒಂದ ವಾರ ಕುಂತತು ನೋಡ. ಮುಂದಿನ ವಾರ ಹೆಸರಿಲ್ಲ." ಅವನು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ಎಂಥಾ ಮಜಾ ಅಂತಿ."

ಸಪನಾಳೂ ನಕ್ಕಳು. ಪೆನ್‌ಡ್ರೈವಿನಲ್ಲಿ ಆ ವಾರದ ಕಾರ್ಯಕ್ರಮವನ್ನು ಇಡಿಯಾಗಿ ಹಾಕಿಸಿಕೊಂಡು, ಬಸ್ಸಿನಲ್ಲಿ ಅದನ್ನು ಮುಷ್ಟಿಯಲ್ಲೇ ಹಿಡಿದುಕೊಂಡು ಬಂದಳು. ಅವಳಿಗೆ ಎಷ್ಟೋ ದಿನಗಳ ಮೇಲೆ ಹಗುರೆನಿಸಿತ್ತು.

ಭಾನುವಾರ ಮಧ್ಯಾಹ್ನ ಊಟದ ಮೇಲೆ ಸಣ್ಣ ಸ್ಪೀಕರಿಗೆ ಅದನ್ನು ಸಿಕ್ಕಿಸಿದಳು. ಕರಕರ ಸದ್ದಿನ ನಡುವೆ ನಿರೂಪಕನ ದನಿ ಬಂತು, ಸಕ್ಕರೆ ಪಾಕದಲ್ಲಿ ಅದ್ದಿ ತೆಗೆದಂಥ ದನಿ. ಕೆಳಗಿನ ನಂಬರಿನಿಂದ ಒಂದೊಂದೇ ಹಾಡು ಮೇಲೇರತೊಡಗಿತು. ಮಂಚದ ಮೇಲೆ ಮಲಗಿದ್ದ ಸತ್ತೆವ್ವ ಕಣ್ಣು ಬಿಟ್ಟಳು. ಆಮೇಲೆ ತಾನೇ ಎದ್ದು ಕೂತಳು. ಮಂಚದಿಂದ ಇಳಿದಳು. ಗೋಡೆ ಹಿಡಿದುಕೊಂಡು ಬಾಗಿಲವರೆಗೆ ಹೋಗಿ, ಹೊಸ್ತಿಲ ಆಚೆ, ಬಿಸಿಲು ಬಿದ್ದಿದ್ದ ನೆಲದ ಮೇಲೆ ಸೆರಗು ತಲೆಗೆ ಹಾಕಿಕೊಂಡು ಕುಕ್ಕರಗಾಲಿನಲ್ಲಿ ಕುಳಿತಳು. "ಅವ್ವಾ, ಒಳಗ ಬಾ" ಎಂದು ಸಪನಾ ಕರೆದರೆ, "ಇಲ್ಲೇ ಛಲೋ ಐತ್ರಿ, ಕೇಳಸ್ತೈತಿ" ಎಂದಳು. ಮೂಲೆಯಲ್ಲಿದ್ದ ಜ್ಞಾನದೇವನ ಮುಖ ಬಿಳಿಚಿಕೊಂಡದ್ದನ್ನು ಸಪನಾ ನೋಡಿದಳು, ಆದರೆ ಅವ್ವ ಮಾತಾಡಿದ ಸಂತೋಷದಲ್ಲಿ ಅದರ ಕಡೆ ಗಮನ ಕೊಡಲಿಲ್ಲ.

ಎರಡನೇ ನಂಬರಿನ ಹಾಡು ಮುಗಿಯಿತು. ಯಾರೂ ನಿರೀಕ್ಷಿಸದ ಹಾಡೊಂದು ಈ ವಾರ ಎಲ್ಲವನ್ನೂ ಹಿಂದೆ ಹಾಕಿ ಮೊದಲ ಸ್ಥಾನಕ್ಕೆ ಜಿಗಿದಿದೆ, ಯಾವುದಿರಬಹುದು ಹೇಳಿ ನೋಡೋಣ, ಎಂದು ನಿರೂಪಕ ಕೇಳುಗರನ್ನು ಕೆಣಕಿದ. ಸತ್ತೆವ್ವ ಏಳಲು ಹೋದವಳು ಮತ್ತೆ ಕುಳಿತಳು. ಹಾಡು ಶುರುವಾಯಿತು. ರಾಗ ಏರಿತು, ಇಳಿಯಿತು, ಮತ್ತೆ ಏರುವ ಜಾಗಕ್ಕೆ ಬಂತು.

"ಸಪನಾ."

ಅವ್ವ ಕೂಗಿದ್ದಳು. ಜೀವಮಾನವಿಡೀ ಕಾದ ಹೆಸರು ಬಾಗಿಲಲ್ಲಿ ಬಿದ್ದಿತ್ತು. ಸಪನಾ ಓಡಿಹೋಗಿ ಅವಳನ್ನು ಅಪ್ಪಿಕೊಂಡು, "ಇಲ್ಲೇ ಅದೇನಿ ಅವ್ವಾ, ನಾನ ಸಪನಾ" ಎಂದು ಅಳುತ್ತ ನಗುತ್ತ ಹೇಳಿದಳು. ಸತ್ತೆವ್ವ ಅವಳನ್ನು ಎರಡೂ ಕೈಯಿಂದ ದೂಡಿದಳು. ಆ ಕೈಗಳಲ್ಲಿ ಅಷ್ಟು ಬಲ ಎಲ್ಲಿತ್ತೋ. "ಬಿಡ್ರಿ ನನ್ನ. ನನ್ನ ಕೂಸು. ಸಪನಾ, ಯವ್ವಾ ಸಪನಾ" ಎಂದು ಬರಿಗಾಲಲ್ಲಿ ರಸ್ತೆಗಿಳಿದಳು. ಜ್ಞಾನದೇವ ಬೆನ್ನಟ್ಟಿ ಹೋಗಿ, ನಡುರಸ್ತೆಯಲ್ಲಿ ಅವಳನ್ನು ತಬ್ಬಿ ಹಿಡಿದು ಹೊತ್ತುಕೊಂಡು ಬಂದ. ಸ್ಪೀಕರಿನಲ್ಲಿ ಹಾಡು ತನ್ನಷ್ಟಕ್ಕೆ ಮುಂದುವರಿದಿತ್ತು. ಸಪನಾ ಅದನ್ನು ಕಿತ್ತು ಬಿಸಾಕಿದಳು.

ಅವ್ವ ದಣಿದು ಮಲಗಿದ ಮೇಲೆ ಅಪ್ಪ ಬಾಯಿಬಿಟ್ಟ.

ಸಪನಾ ಹುಟ್ಟುವ ಮೊದಲು ಅವರಿಬ್ಬರೂ ಶಿರಗುಪ್ಪಿಯಲ್ಲಿ ರಾವಸಾಹೇಬ ಎಂಬ ದೊಡ್ಡ ಹಿಡುವಳಿದಾರರ ಹೊಲದಲ್ಲಿ ಕಬ್ಬು ಕಡಿಯುತ್ತಿದ್ದರು. ಭಾನುವಾರ ಮಧ್ಯಾಹ್ನ ಸಾಹೇಬರು ಕಿಟಕಿಯಲ್ಲಿ ರೇಡಿಯೋ ಇಟ್ಟು ನಂಬರ್ ಹಾಡು ಹಾಕುತ್ತಿದ್ದರು. ಆಳುಗಳ ಹೆಂಗಸರು ಬಂದು ಅಂಗಳದಲ್ಲಿ ಕೂತು ಕೇಳಬಹುದಿತ್ತು.

"ಕಟ್ಟಿ ಮ್ಯಾಲ ಏರಾಕ ನಮ್ಮ ಮಂದಿಗೆ ಬಿಡ್ತಿರಲಿಲ್ಲ. ಅಂಗಳದಾಗ ಬಿಸಲಾಗ ಕುಂಡರಬೇಕು. ಆಕಿಗೆ ಅಷ್ಟ ಸಾಕಾಗಿತ್ತು. ವಾರೆಲ್ಲ ಅದನ್ನ ಕಾಯ್ತಿದ್ಳು" ಎಂದ ಜ್ಞಾನದೇವ. "ನಿನಕಿಂತ ಮೊದಲ ಒಂದ ಕೂಸ ಇತ್ತವಾ. ಹೊಲದ ಬದುವಿನ ಮ್ಯಾಲ ಬೇವಿನ ಗಿಡಕ್ಕ ಜೋಳಿಗಿ ಕಟ್ಟಿ ಮಲಗಸ್ತಿದ್ಳು. ಒಂದನೇ ನಂಬರ್ ಹಾಡ ಕಟ್ಟಕಡೀಕ ಬರ್ತೈತಿ. ಆಕಿ ಯಾವತ್ತೂ ಅದನ್ನ ಕೇಳ್ತಿರಲಿಲ್ಲ. ಕೂಸ ಎದ್ದೀತಂತ ಒಂದ ಹಾಡ ಮೊದಲ ಎದ್ದ ಹೋಗ್ತಿದ್ಳು. ಅದು ಎಲ್ಲಾರಿಗೂ ಗೊತ್ತಿತ್ತು. ಸಾಹೇಬರ ಆಳು ಮಾಳೂಗೂ ಗೊತ್ತಿತ್ತು."

ಕಡಿದ ಹೊಲದಲ್ಲಿ ಉಳಿದ ಒಣ ಎಲೆಗೆ ಅಲ್ಲಿ ರವದಿ ಅನ್ನುತ್ತಾರೆ. ಮಧ್ಯಾಹ್ನ ಕಳೆದ ಮೇಲೆ ಅದಕ್ಕೆ ಬೆಂಕಿ ಹಾಕುವುದು ವಾಡಿಕೆ. ಸತ್ತೆವ್ವ ಹೊತ್ತಿಗೆ ಸರಿಯಾಗಿ ಬಂದು ಕೂಸನ್ನು ಎತ್ತಿಕೊಂಡಿರುತ್ತಾಳೆ ಎಂಬ ಭರವಸೆಯ ಮೇಲೆ ಮಾಳು ಆ ತುದಿಯಿಂದ ಕಡ್ಡಿ ಗೀರಿದ. ಸತ್ತೆವ್ವ ಆ ದಿನ ಬಂದಿರಲಿಲ್ಲ. ಯಾವುದೋ ಹೊಸ ಹಾಡು ಎಲ್ಲಿಂದಲೋ ಜಿಗಿದು ಮೇಲೆ ಬಂದಿದೆ ಎಂದು ರೇಡಿಯೋದವನು ಆಸೆ ಹುಟ್ಟಿಸಿದ್ದ, ಅದೊಂದನ್ನು ಕೇಳಿಯೇ ಹೋಗೋಣ ಎಂದು ಅವಳು ಕುಳಿತಳು. ಹಾಡು ಅರ್ಧಕ್ಕೆ ಬಂದಾಗ ಹೊಲದ ಮೇಲೆ ಹೊಗೆ ಕಂಡಿತು. ಗಾಳಿ ಬದುವಿನ ಕಡೆಗಿತ್ತು.

"ನಾ ಕಾರಖಾನೆಗೆ ಗಾಡಿ ಹೊಡಕೊಂಡ ಹೋಗಿದ್ನಿ. ಬರೂದರಾಗ ಮಣ್ಣ ಮಾಡಿದ್ರು. ಸಾಹೇಬರ ಮನಿಯಿಂದ ಆಕಿಗೊಂದ ಹೊಸ ಸೀರಿ ಬಂದಿತ್ತು." ಜ್ಞಾನದೇವ ಮಲಗಿದ್ದ ಹೆಂಡತಿಯ ಹೊದಿಕೆ ಸರಿಮಾಡಿದ. "ನೀ ಹುಟ್ಟಿದಾಗ ನಿಮ್ಮ ಆಯಿ, ಅಂದ್ರ ನಮ್ಮವ್ವ, ಹ್ವಾದಾಕಿನ ತಿರುಗಿ ಬಂದಾಳಂತ ಅದ ಹೆಸರ ಇಟ್ಟಳು. ನಮ್ಮಾಗ ಹಂಗ ಇಡ್ತಾರ. ನಿಮ್ಮವ್ವಗ ಮಾತ್ರ ಆ ಹೆಸರ ನಾಲಗಿ ಮ್ಯಾಲ ಏರಲಿಲ್ಲ."

ಸಪನಾಳಿಗೆ ಮೊದಲು ಬಂದದ್ದು ಸಿಟ್ಟು. "ಗೊತ್ತಿದ್ದೂ ಯಾಕ ಸುಮ್ಮಕಿದ್ದಿ? ಹಾಡ ಹುಡುಕಾಕ ನಾ ನಿಪ್ಪಾಣಿತನಕ ಹೋದಾಗರ ಬ್ಯಾಡ ಅನಬೇಕಿಲ್ಲೋ?"

"ಯಾವ ಹಾಡ ಅಂತ ನನಗೇನ ಗೊತ್ತ, ನಾ ಅಲ್ಲಿ ಇರಲಿಲ್ಲ. ಗೊತ್ತಿದ್ದರೂ ಬ್ಯಾಡ ಅಂತಿದ್ನೋ ಇಲ್ಲೋ." ಮುದುಕ ಕಣ್ಣೊರೆಸಿಕೊಂಡ. "ಆಕಿ ಒಂದ ಮಾತ ಆಡ್ಲಿ ಅಂತ ನನಗೂ ಇತ್ತು."

ಮರುದಿನದಿಂದ ಸತ್ತೆವ್ವನಿಗೆ ಮಾತು ಬಂತು, ಡಾಕ್ಟರು ಹೇಳಿದ ಹಾಗೆಯೇ. ಬಂದದ್ದು ಒಂದೇ ಮಾತು, ಕೂಸು ಎಲ್ಲಿ. ಕಚೇರಿಗೆ ಹೊರಡುವಾಗ ಕೇಳುತ್ತಾಳೆ, ಬಂದಾಗ ಕೇಳುತ್ತಾಳೆ. ಮೊದಲ ಸಲ ಸಪನಾ, ಸುಳ್ಳು ಹೇಳಬಾರದೆಂದು, ಪಕ್ಕದಲ್ಲಿ ಕೂತು ಕೈ ಹಿಡಿದು, ಕೂಸು ತೀರಿಕೊಂಡು ಎಷ್ಟೋ ವರ್ಷಗಳಾದವು ಎಂದು ಮೆಲ್ಲಗೆ ಹೇಳಿದಳು. ಸತ್ತೆವ್ವನ ಪಾಲಿಗೆ ಕೂಸು ಆ ಗಳಿಗೆಯಲ್ಲಿ ಸತ್ತಿತು. ಅವಳು ಎದೆ ಬಡಿದುಕೊಂಡು ಅತ್ತ ರೀತಿಗೆ ಅಕ್ಕಪಕ್ಕದವರು ಮನೆಯಲ್ಲಿ ಯಾರೋ ಹೋದರೆಂದು ಓಡಿಬಂದರು. ಬೆಳಿಗ್ಗೆ ಎದ್ದಾಗ ಅವಳಿಗೆ ಉತ್ತರ ಮರೆತುಹೋಗಿತ್ತು, ಪ್ರಶ್ನೆ ಮಾತ್ರ ಹಾಗೇ ಇತ್ತು. ನಿಜ ಹೇಳುವುದೆಂದರೆ ದಿನಾ ಒಂದು ಕೂಸನ್ನು ಕೊಲ್ಲುವುದು ಎಂದು ಸಪನಾಳಿಗೆ ಆಗ ಅರ್ಥವಾಯಿತು. ಎಂಥ ಪಾಪದ ಕೆಲಸ ಮಾಡಿಬಿಟ್ಟೆ ಎಂದು ಅವಳು ಬಚ್ಚಲಲ್ಲಿ ನಿಂತು ಅತ್ತಳು. ಅವ್ವ ಮರೆತದ್ದರಲ್ಲಿ ಒಂದಾದರೂ ಪುಣ್ಯದ ಮರೆವಿತ್ತು. ಅದನ್ನು ತಾನು ಕಾಸು ಕೊಟ್ಟು ಬಸ್ಸು ಹತ್ತಿ ಹೋಗಿ ಕೆಡಿಸಿ ಬಂದಿದ್ದಳು.

ಪೆನ್‌ಡ್ರೈವನ್ನು ಗಟಾರಕ್ಕೆ ಎಸೆದಾಯಿತು. ಅದರಿಂದೇನೂ ಆಗಲಿಲ್ಲ. ಹಾಡು ಈಗ ಸತ್ತೆವ್ವನ ಬಾಯಲ್ಲೇ ಇಡಿಯಾಗಿ ಕೂತಿತ್ತು.

ಒಂದು ಮಧ್ಯಾಹ್ನ ಅವಳು ಹೊಸ್ತಿಲಾಚೆ ಕುಳಿತು ಗುನುಗುತ್ತಿದ್ದಳು. ಜ್ಞಾನದೇವ ಔಷಧಿ ತರಲು ಹೋಗಿದ್ದ. ಸಪನಾ ಪಕ್ಕದಲ್ಲಿ ಕುಳಿತು ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದಳು. ಸತ್ತೆವ್ವ ಅವಳ ಮೊಣಕೈ ಹಿಡಿದಳು. ಈ ಸಲ ಕೈಮುಗಿಯಲಿಲ್ಲ. ಅಂಗಳದಲ್ಲಿ ಜೊತೆಗೆ ಕೂತ ಯಾವಳೋ ಗೆಳತಿ ಎಂದುಕೊಂಡಿರಬೇಕು.

"ಯಕ್ಕಾ, ಒಂದೀಟ ಹೋಗಿ ನಮ್ಮ ಸಪನಾನ್ನ ನೋಡಿ ಬರ್ತೀಯೇನ? ಬೇವಿನ ಗಿಡದ ಬುಡಕ ಅದಾಳ. ನಾ ಇದೊಂದ ಹಾಡ ಕೇಳಿ ಬಂದ್ನಿ."

ಆ ದಿನ ಈ ಮಾತನ್ನು ಅವಳು ಯಾರಿಗಾದರೂ ಕೇಳಿದ್ದಳೋ, ಕೇಳಬೇಕೆಂದುಕೊಂಡು ಬಿಟ್ಟಿದ್ದಳೋ, ಈಗ ಹೇಳುವವರಿಲ್ಲ. ಸಪನಾ ಸೊಪ್ಪು ಕೆಳಗಿಟ್ಟು ಎದ್ದಳು. ಚಪ್ಪಲಿ ಮೆಟ್ಟಿಕೊಂಡು ರಸ್ತೆಯ ತಿರುವಿನ ತನಕ ಹೋದಳು. ಅಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಸಾಲಾಗಿ ನಿಂತಿದ್ದವು. ಯಾರಿಗೋ ಕಾಯುತ್ತಿರುವವಳಂತೆ ಸ್ವಲ್ಪ ಹೊತ್ತು ನಿಂತು ತಿರುಗಿ ಬಂದಳು.

"ನೋಡಿ ಬಂದ್ನಿ. ಮಲಗ್ಯಾಳ."

"ಮಾರಿ ಮ್ಯಾಲ ನೊಣ ಕುಂತಿದ್ವೇನ?"

"ಇಲ್ಲ. ಸೆರಗ ಹೊಚ್ಚಿ ಬಂದೇನಿ."

ಸತ್ತೆವ್ವನ ಮುಖ ಬಿಚ್ಚಿಕೊಂಡಿತು. ಅವ್ವ ಹೀಗೂ ನಗುತ್ತಾಳೆಂದು ಸಪನಾಳಿಗೆ ಗೊತ್ತಿರಲಿಲ್ಲ. "ಪುಣ್ಯಾ ಬರಲೆವ್ವಾ ನಿನಗ" ಎಂದು ಮಗಳ ಗಲ್ಲ ಸವರಿ, "ನಿನ್ನ ಹೆಸರೇನ?" ಎಂದು ಕೇಳಿದಳು.

ಸಪನಾ ನಾಲಗೆಗೆ ಬಂದ ತನ್ನ ಹೆಸರನ್ನು ನುಂಗಿಕೊಂಡಳು.

"ಸೀಮಾ" ಎಂದಳು.

ಆ ಮಧ್ಯಾಹ್ನವೆಲ್ಲ ಸತ್ತೆವ್ವ ಅವಳನ್ನು ಹೆಸರು ಹಿಡಿದೇ ಕರೆದಳು. ಸೀಮಾ, ಒಂದೀಟ ನೀರ ಕೊಡ. ಸೀಮಾ, ಬಿಸಲಾಗ ಕುಂಡರಬ್ಯಾಡ, ಇತ್ತ ಬಾ.